ಬೇಲಿಯಿಲ್ಲದ ಹೊಲಗಳ ಊರು
(ಬಾನುಲಿ ಭಾಷಣ)

ಕನ್ನಡಕ್ಕೆ ಸದ್ದಿಲ್ಲದೆ ಬಂದು ನೆಲೆನಿಂತ ಅನ್ಯದೇಶ್ಯ ಪದಗಳಲ್ಲಿ ‘ಎಕರೆ’, ‘ಫರ್ಲಾಂಗು’ ಎಂಬ ಎರಡು ಪದಗಳಿವೆ. ನಮ್ಮ ಹಿರಿಯರು ಊರಿನಿಂದ ಊರಿಗೆ ದೂರ ಹೇಳುವಾಗ ಮೈಲಿಯೊಡನೆ ಫರ್ಲಾಂಗನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಎಕರೆಯಂತೂ ಗುಂಟೆಯ ಜೊತೆಗೂಡಿ ಪಹಣಿಯಲ್ಲಿ ಇಂದಿಗೂ ಬದುಕಿದೆ. ಇಂಥ ಪದಗಳ ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುವುದಿತ್ತು. ಒಂದು ಫರ್ಲಾಂಗಿಗೆ 220 ಗಜ. ಇನ್ನೂರಲ್ಲ, ಇನ್ನೂರೈವತ್ತಲ್ಲ, ಈ ಇನ್ನೂರಿಪ್ಪತ್ತು ಎಲ್ಲಿಂದ ಬಂತು?

ಉತ್ತರ ಇರುವುದು ಗಣಿತದಲ್ಲಲ್ಲ, ಬೇಸಾಯದಲ್ಲಿ. ಇಂಗ್ಲಿಷಿನಲ್ಲಿ ಆ ಪದದ ಮೂಲಾರ್ಥ ‘ನೇಗಿಲ ಸಾಲಿನ ಉದ್ದ’ ಎಂದು. ಜೋಡಿ ಜೋಡಿಯಾಗಿ ಎತ್ತುಗಳನ್ನು ಹೂಡಿದ ಭಾರವಾದ ನೇಗಿಲನ್ನು ಪದೇ ಪದೇ ತಿರುಗಿಸುವುದು ಪ್ರಯಾಸದ ಕೆಲಸ. ಆದುದರಿಂದ ಸಾಲು ಉದ್ದವಿದ್ದಷ್ಟೂ ಒಳ್ಳೆಯದು. ಆದರೆ ಎತ್ತುಗಳು ಒಂದೇ ಉಸಿರಿನಲ್ಲಿ ಎಳೆಯುವ ದೂರಕ್ಕೂ ಒಂದು ಮಿತಿಯುಂಟು. ಆ ಮಿತಿಯೇ ಫರ್ಲಾಂಗಾಯಿತು. ಅಷ್ಟು ಉದ್ದ, 22 ಗಜ ಅಗಲದ ನೆಲವನ್ನು ಒಂದು ದಿನದ ಉಳುಮೆ ಎಂದು ಎಣಿಸಿದರು, ಅದು ಎಕರೆ. ಇನ್ನೂರಿಪ್ಪತ್ತನ್ನು ಇಪ್ಪತ್ತೆರಡರಿಂದ ಗುಣಿಸಿದರೆ 4,840 ಚದರ ಗಜ ಬರುತ್ತದೆ. ನಮ್ಮ 40 ಗುಂಟೆಗಳ ಲೆಕ್ಕವೂ ಅದೇ. ‘ಎಕರೆ’ ಎಂಬ ಪದಕ್ಕೂ ಹೊಲವೆಂಬರ್ಥದ ಸಂಸ್ಕೃತದ ‘ಅಜ್ರ’ ಶಬ್ದಕ್ಕೂ ಮೂಲದಲ್ಲಿ ಒಂದೇ ಬೇರು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ಪದಗಳು ಹೀಗೆ ನಮ್ಮಲ್ಲಿಗೆ ಬಂದು ಉಳಿದವು. ಅವು ಹುಟ್ಟಿದ ಹೊಲಗಳು ಮಾತ್ರ ಇಂಗ್ಲೆಂಡಿನಲ್ಲಿಯೇ ಹೆಚ್ಚುಕಡಿಮೆ ಇಲ್ಲವಾಗಿವೆ. ಒಂದು ಕಾಲಕ್ಕೆ ಆ ದೇಶದ ನಡುನಾಡನ್ನೆಲ್ಲ ವ್ಯಾಪಿಸಿದ್ದ ಆ ಹಳೆಯ ಬೇಸಾಯದ ಏರ್ಪಾಡು, ಅದನ್ನು ನಡೆಸುವ ಊರಿನ ನ್ಯಾಯಸಭೆಯ ಸಮೇತ, ಇಂದು ಉಳಿದಿರುವುದು ಒಂದೇ ಒಂದು ಹಳ್ಳಿಯಲ್ಲಿ. ಆ ಹಳ್ಳಿಯ ಹೆಸರು ಲ್ಯಾಕ್ಸ್‌ಟನ್. ನಾನು ಅದನ್ನು ಕಣ್ಣಾರೆ ಕಂಡವನಲ್ಲ. ಆಕ್ಸ್‌ಫರ್ಡಿನ ಆರ್ವಿನ್ ದಂಪತಿಗಳು 1938ರಲ್ಲಿ ಬರೆದ ‘ದಿ ಓಪನ್ ಫೀಲ್ಡ್ಸ್’ ಎಂಬ ಪುಸ್ತಕದ ಮೂಲಕ ಬಲ್ಲವನು. ಪದವೊಂದರ ಹುಟ್ಟನ್ನು ಹುಡುಕಿ ಹೊರಟವನಿಗೆ ಅದರಲ್ಲಿ ಒಂದು ಊರಿನ ಚರಿತ್ರೆಯೇ ದೊರಕಿತು.

ಲ್ಯಾಕ್ಸ್‌ಟನ್ ಇರುವುದು ನಾಟಿಂಗ್‌ಹ್ಯಾಮ್ ಪ್ರಾಂತದಲ್ಲಿ, ರಾಬಿನ್ ಹುಡ್ಡನ ಕತೆಗಳಿಂದ ನಮಗೆಲ್ಲ ಪರಿಚಿತವಾದ ಶೆರ್‌ವುಡ್ ಅರಣ್ಯದ ಪೂರ್ವದ ಅಂಚಿನಾಚೆ. ಕೆಲವು ನೂರು ಜನರ ಊರು. ಸಂತ ಮೈಕೇಲನ ಹಳೆಯ ಚರ್ಚು, ಡವ್‌ಕೋಟ್ ಎಂಬ ಪಾನಗೃಹ, ಬೀದಿಯ ಎರಡು ಬದಿಗೆ ಇಟ್ಟಿಗೆಯ ಮನೆಗಳು. ಊರ ಉತ್ತರಕ್ಕೆ ಹುಲ್ಲು ಮುಚ್ಚಿದ ದಿಬ್ಬ. ನಾರ್ಮನ್ ಜನ ಇಂಗ್ಲೆಂಡನ್ನು ಗೆದ್ದ ಮೇಲೆ ಕಟ್ಟಿದ ಕೋಟೆಯ ಮಣ್ಣಿನ ಗುರುತು ಅದು. ಗೆದ್ದ ದೊರೆ ವಿಲಿಯಂ 1086ರಲ್ಲಿ ಬರೆಸಿದ ‘ಡೂಮ್ಸ್‌ಡೇ’ ಎಂಬ ಭೂಮಿಯ ದಫ್ತರದಲ್ಲಿ ಈ ಊರಿನ ಹೆಸರಿದೆ. ಮೊದಲು ಟೋಕಿ ಎಂಬವನದಾಗಿದ್ದ ನೆಲ ಈಗ ಜೆಫ್ರಿ ಆಲ್ಸಲಿನ್ ಎಂಬವನದು ಎಂದು ಅಲ್ಲಿ ಬರೆದಿದೆ. ಸೋತವನ ಹೆಸರಿನ ಪಕ್ಕದಲ್ಲಿ ಗೆದ್ದವನ ಹೆಸರು. ಆ ಕಾಲದ ಇಂಗ್ಲೆಂಡಿನ ಕತೆಯೆಲ್ಲ ಅಷ್ಟರಲ್ಲಿ ಬಂತು. ಮುಂದೆ ಶೆರ್‌ವುಡ್ ಕಾಡಿನ ಪಾರುಪತ್ಯವನ್ನು ವಂಶಪಾರಂಪರ್ಯವಾಗಿ ಪಡೆದಿದ್ದ ಮನೆತನಗಳು ಈ ಕೋಟೆಯಲ್ಲಿ ವಾಸಮಾಡಿದವು. ಆಮೇಲೆ ಕೋಟೆ ಹಾಳಾಯಿತು. ಹೊಲಗಳು ನಿಂತವು.

ಆ ಹೊಲಗಳ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ನಮಗೆ ಚಿತ್ರಗಳಲ್ಲಿ ಪರಿಚಿತವಾದ ಇಂಗ್ಲೆಂಡಿನ ಹಳ್ಳಿಗಾಡೆಂದರೆ ಮುಳ್ಳುಪೊದೆಗಳ ಬೇಲಿ, ಬೇಲಿಯೊಳಗೆ ಅಚ್ಚುಕಟ್ಟಾದ ಹಸುರು ಚೌಕಗಳು, ಚೌಕಗಳ ನಡುವೆ ದೂರದೂರಕ್ಕೆ ಒಂದೊಂದು ಒಂಟಿಮನೆ. ಲ್ಯಾಕ್ಸ್‌ಟನ್ನಿನಲ್ಲಿ ಹಾಗಿಲ್ಲ. ಬೇಸಾಯಗಾರರ ಮನೆಗಳು ಊರೊಳಗೇ ಒಂದರ ಪಕ್ಕ ಒಂದಿವೆ. ಹೊಲಗಳು ಊರಾಚೆ ಇವೆ. ಈ ಮಾತಿನಲ್ಲಿ ಅದು ನಮ್ಮ ಬಯಲುಸೀಮೆಯ ಊರನ್ನು ಹೋಲುತ್ತದೆ. ಊರ ಸುತ್ತ ಮೂರು ದೊಡ್ಡ ಬಯಲುಗಳು. ಅವುಗಳ ಹೆಸರನ್ನು ಕನ್ನಡಿಸಿದರೆ ಪಡುವಣ ಬಯಲು, ತೆಂಕಣ ಬಯಲು, ಗಿರಣಿಯ ಬಯಲು. ಒಂದೊಂದು ಬಯಲಿನಲ್ಲೂ ಉದ್ದನೆಯ ಪಟ್ಟಿಗಳು. ಒಂದು ಪಟ್ಟಿ ಒಬ್ಬನದು, ಪಕ್ಕದ್ದು ಇನ್ನೊಬ್ಬನದು. ನಡುವೆ ಬೇಲಿಯಿಲ್ಲ, ಗೋಡೆಯಿಲ್ಲ. ಉಳುಮೆಯ ಒಂದು ಸಾಲೇ ಎಲ್ಲೆ.

ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ. ಮೂರು ಬಯಲುಗಳಲ್ಲೂ ಚೆದರಿಕೊಂಡಿರುತ್ತವೆ. ನೋಡಿದವರಿಗೆ ಇದು ಅವ್ಯವಸ್ಥೆಯೆಂದೇ ತೋರೀತು. ಕಾರಣ ಹೀಗೆ: ಮೂರು ಬಯಲುಗಳಿಗೂ ಸರದಿಯುಂಟು. ಒಂದರಲ್ಲಿ ಶರತ್ಕಾಲದಲ್ಲಿ ಬಿತ್ತಿದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಬಟಾಣಿ, ಅವರೆ ಮುಂತಾದುವು, ಮೂರನೆಯದು ಬೀಳು. ಮರುವರ್ಷ ಸರದಿ ತಿರುಗುತ್ತದೆ. ಒಬ್ಬನ ನೆಲವೆಲ್ಲ ಒಂದೇ ಬಯಲಿನಲ್ಲಿದ್ದರೆ ಮೂರು ವರ್ಷಕ್ಕೊಮ್ಮೆ ಅವನ ಮನೆಯ ಕಣಜ ಬರಿದಾಗುತ್ತದೆ. ಅಷ್ಟೇ ಅಲ್ಲ, ಒಂದು ಕಡೆ ಜೇಡಿ ನೆಲ, ಒಂದು ಕಡೆ ತಗ್ಗಿನ ಜೌಗು, ಒಂದು ಕಡೆ ಹದವಾದ ಮಣ್ಣು. ಮಳೆ ಹೆಚ್ಚಾದ ವರ್ಷ ಒಂದು ಕೆಟ್ಟರೆ ಮಳೆ ಕಡಿಮೆಯಾದ ವರ್ಷ ಇನ್ನೊಂದು. ಚೆದರಿದ ಪಟ್ಟಿಗಳವನು ಎಲ್ಲವನ್ನೂ ಒಮ್ಮೆಗೇ ಕಳೆದುಕೊಳ್ಳುವುದಿಲ್ಲ. ಇದು ಅಪಾಯವನ್ನು ಹಂಚಿಕೊಳ್ಳುವ ಉಪಾಯವೆಂದು ಕೆಲವು ಅರ್ಥಶಾಸ್ತ್ರಜ್ಞರ ಮತ. ಆರ್ವಿನ್ ದಂಪತಿಗಳಾದರೋ ಎಲ್ಲವನ್ನೂ ನೇಗಿಲಿನಿಂದಲೇ ವಿವರಿಸಿದರು. ಕಾಡು ಕಡಿದು ದಿನಕ್ಕೊಂದು ಪಟ್ಟಿಯಂತೆ ಉಳುತ್ತ ಹೋದಾಗ ಪಟ್ಟಿಗಳು ತಾವಾಗಿಯೇ ಹಂಚಿಹೋದವು ಎಂದು ಅವರ ವಾದ. ಎರಡು ಮಾತಿನಲ್ಲೂ ಸತ್ಯಾಂಶವಿದ್ದೀತು.

ಕೊಯ್ಲು ಮುಗಿದ ಮೇಲೆ ಪಟ್ಟಿಗಳ ಎಲ್ಲೆ ಅಳಿಸಿಹೋಗುತ್ತಿತ್ತು. ಬಯಲು ಊರಿಗೆಲ್ಲ ಸೇರಿದ ಹುಲ್ಲುಗಾವಲಾಗುತ್ತಿತ್ತು. ಕೂಳೆಯ ಮೇಲೂ ಬೀಳಿನ ಮೇಲೂ ಎಲ್ಲರ ದನಕುರಿಗಳು ಒಟ್ಟಿಗೆ ಮೇದು, ಗೊಬ್ಬರವನ್ನೂ ಅಲ್ಲೇ ಬಿಡುತ್ತಿದ್ದವು. ಈ ಒಂದು ಪದ್ಧತಿಯಿಂದ ಎಷ್ಟು ಕಟ್ಟುಪಾಡುಗಳು ಹುಟ್ಟುತ್ತವೆ ನೋಡಿ. ದನಗಳು ಬಯಲಿಗಿಳಿಯುವ ದಿನಕ್ಕೆ ಮೊದಲು ಎಲ್ಲರ ಕೊಯ್ಲೂ ಮುಗಿದಿರಬೇಕು. ಹಾಗಾಗಬೇಕಾದರೆ ಎಲ್ಲರೂ ಒಂದೇ ಬಗೆಯ ಬೆಳೆಯನ್ನು ಹತ್ತಿರಹತ್ತಿರದ ದಿನಗಳಲ್ಲಿ ಬಿತ್ತಿರಬೇಕು. ಒಬ್ಬನು ತನ್ನ ಪಟ್ಟಿಯಲ್ಲಿ ತನಗೆ ತೋಚಿದ್ದನ್ನು ಬೆಳೆಯುವಂತಿಲ್ಲ. ಹೊಲ ಅವನ ಸ್ವಾಧೀನದಲ್ಲಿದ್ದರೂ ಕಾಲ ಊರಿನದು.

ಬೇಲಿಯಿಲ್ಲದ ಕಡೆ ಆಸೆಗೆ ಅವಕಾಶ ಹೆಚ್ಚು. ಪಕ್ಕದವನ ಕಡೆಗೆ ನೇಗಿಲನ್ನು ಗೇಣಷ್ಟು ವಾಲಿಸಿದರೆ ಈ ವರ್ಷ ಒಂದು ಸಾಲು ಹೆಚ್ಚಿಗೆ ಸಿಕ್ಕಿತು. ಮುಂದಿನ ಸರದಿಗೆ ಇನ್ನೊಂದು ಸಾಲು. ಎಲ್ಲರಿಗೂ ಸೇರಿದ ಗಾಡಿಜಾಡನ್ನು ಉತ್ತುಬಿಟ್ಟರೆ ಕೇಳುವವರಾರು? ಕೇಳುವವರು ಇದ್ದಾರೆ. ಲ್ಯಾಕ್ಸ್‌ಟನ್ನಿನ ವಿಶೇಷವಿರುವುದೇ ಇಲ್ಲಿ. ಅಲ್ಲಿನ ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಸಭೆ ಮಧ್ಯಯುಗದಿಂದ ಬಂದದ್ದು, ಇಂದಿಗೂ ಸೇರುತ್ತದೆ. ರೈತರೊಳಗಿನಿಂದಲೇ ಆರಿಸಿದ 12 ಮಂದಿ ಪಂಚರು, ಅವರಿಗೊಬ್ಬ ಮುಖಂಡ. ಸಭೆಯನ್ನು ನಡೆಸುವವನು ಒಡೆತನದ ಕಡೆಯ ಪಾರುಪತ್ತೇಗಾರ. ತಪ್ಪಿಸಿಕೊಂಡ ದನಗಳನ್ನು ಹಿಡಿದು ದೊಡ್ಡಿಗೆ ಕಟ್ಟುವುದಕ್ಕೆಂದೇ ಹಿಂದಿನಿಂದ ಬಂದ ಒಂದು ಹುದ್ದೆಯೂ ಉಂಟು.

ಪ್ರತಿ ನವೆಂಬರಿನ ಕೊನೆಯ ಹೊತ್ತಿಗೆ, ಗೋಧಿ ಬಿತ್ತಿ ಮುಗಿದ ಮೇಲೆ, ಪಂಚರು ಆ ವರ್ಷದ ಗೋಧಿ ಬಯಲನ್ನು ಸುತ್ತಲು ಹೊರಡುತ್ತಾರೆ. ಚಳಿ, ಕೆಸರು ಯಾವುದನ್ನೂ ಲೆಕ್ಕಿಸುವಂತಿಲ್ಲ. ಎಲ್ಲೆ ಮಸುಕಾದ ಕಡೆ ಅಳೆದು ನೋಡಿ ಹೊಸ ಗೂಟ ಹೊಡೆಯುತ್ತಾರೆ. ಯಾರು ದಾರಿಯನ್ನು ಒತ್ತಿದ್ದಾರೆ, ಯಾರು ಹುಲ್ಲಿನ ತಾವನ್ನು ಉತ್ತಿದ್ದಾರೆ ಎಂಬುದನ್ನು ಬರೆದುಕೊಳ್ಳುತ್ತಾರೆ. ಒಂದು ವಾರದ ಅನಂತರ ಡವ್‌ಕೋಟ್ ಪಾನಗೃಹದಲ್ಲಿ ಸಭೆ ಕೂಡುತ್ತದೆ. ತಪ್ಪಿಗೆ ದಂಡ, ಸಭೆಗೆ ಬಾರದ ಒಕ್ಕಲಿಗೂ ಸಣ್ಣದೊಂದು ದಂಡ, ಮುಂದಿನ ಬಯಲಿಗೆ ಹೊಸ ಪಂಚರ ಪ್ರಮಾಣವಚನ. ದಂಡದ ಹಣ ಅತ್ಯಲ್ಪ. ಆದರೆ ನೆರೆಹೊರೆಯವರೆಲ್ಲ ಕೂತಿರುವಾಗ ತನ್ನ ಹೆಸರು ಹೇಳಿಸಿಕೊಳ್ಳುವ ಸಂಕೋಚ ಅಲ್ಪವಲ್ಲ. ಈ ವರ್ಷದ ಪಂಚನು ಮರುವರ್ಷ ಆರೋಪಿಯೂ ಆಗಬಹುದಾದ್ದರಿಂದ ಮಿತಿಮೀರಿದ ಕಾಠಿಣ್ಯಕ್ಕೂ ಆಸ್ಪದವಿಲ್ಲ. 1977ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ಕೊನೆಗೊಳಿಸುವ ಕಾನೂನು ಮಾಡಿತು. ಆಗಲೂ ಲ್ಯಾಕ್ಸ್‌ಟನ್ನಿನ ಸಭೆಗೆ ಹೊಲಗಳ ಮೇಲಿದ್ದ ಅಧಿಕಾರವನ್ನು ಹಾಗೆಯೇ ಉಳಿಸಿಕೊಟ್ಟಿತು.

ಈ ಊರಿನ ಚರಿತ್ರೆಗೆ ಒಂದು ಅಪೂರ್ವ ಸಾಕ್ಷಿಯಿದೆ. ಅದು 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನು ಬರೆದ ಭೂಪಟ. ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಊರಿನ ಪ್ರತಿಯೊಂದು ಮನೆಯನ್ನೂ ಪ್ರತಿಯೊಂದು ಪಟ್ಟಿಯನ್ನೂ ಅದರಲ್ಲಿ ಗುರುತಿಸಿದೆ. ಯಾವ ಪಟ್ಟಿ ಯಾರದು, ಎಷ್ಟು ವಿಸ್ತೀರ್ಣ ಎಂಬುದಕ್ಕೆ ಜೊತೆಗೊಂದು ಪುಸ್ತಕವಿದೆ. ಪಿಯರ್ಸನು ಅಳತೆಗಾರ ಮಾತ್ರನಾಗಿರಲಿಲ್ಲ; ಬಯಲುಗಳ ಮೇಲೆ ಪುಟ್ಟಪುಟ್ಟ ಚಿತ್ರಗಳನ್ನೂ ಬರೆದ. ಉಳುವವನು, ಕೊಯ್ಯುವವರು, ಮೇಯುವ ದನಗಳು, ಬೇಟೆಗೆ ಹೊರಟವರು. ದೊರೆಗಳ ಯುದ್ಧಗಳನ್ನು ಬರೆದಿಟ್ಟ ಚರಿತ್ರೆಗಳು ಬೇಕಾದಷ್ಟಿವೆ. ಒಂದು ಹಳ್ಳಿಯ ಸಾಧಾರಣ ಒಕ್ಕಲಿನ ಹೆಸರು, ಅವನ ಹೊಲದ ಉದ್ದಗಲ, ಅವನು ಉಳುತ್ತಿದ್ದ ಭಂಗಿ, ಎಲ್ಲವೂ ಹೀಗೆ ಒಂದೇ ಕಡೆ ದೊರೆಯುವುದು ವಿರಳ.

ಈ ಭೂಪಟವನ್ನು ಬರೆಸಿದವನು ಯಾರು ಎಂದು ಹುಡುಕುವಾಗ ಕನ್ನಡಿಗನಾದ ನನಗೆ ಒಂದು ಸೋಜಿಗ ಕಾದಿತ್ತು. ಅವನು ಸರ್ ವಿಲಿಯಂ ಕೋರ್ಟೆನ್ ಎಂಬ ಲಂಡನ್ನಿನ ಸಿರಿವಂತ ವರ್ತಕ. ಹಿರಿಯರು ಫ್ಲ್ಯಾಂಡರ್ಸಿನಿಂದ ವಲಸೆ ಬಂದವರು. ಲ್ಯಾಕ್ಸ್‌ಟನ್ನನ್ನು ಕೊಂಡು, ಕೊಂಡದ್ದನ್ನು ಅಳೆಯಿಸಿದ. ಅದೇ 1635ರಲ್ಲಿ ಈತನ ಕೂಟಕ್ಕೆ ಪೂರ್ವದೇಶಗಳೊಡನೆ ವ್ಯಾಪಾರ ಮಾಡಲು ದೊರೆ ಒಂದನೆಯ ಚಾರ್ಲ್ಸ್ ಅನುಮತಿಕೊಟ್ಟ. ಈಸ್ಟ್ ಇಂಡಿಯಾ ಕಂಪೆನಿಗೆ ಇದರಿಂದ ಬಹಳ ಅಸಮಾಧಾನವಾಯಿತು. 1636ರಲ್ಲಿ ಜಾನ್ ವೆಡ್ಡೆಲ್ ಎಂಬ ಕಪ್ತಾನನ ಕೈಕೆಳಗೆ ಈ ಕೂಟದ ಹಡಗುಗಳು ಹೊರಟು ಗೋವೆಯನ್ನು ಮುಟ್ಟಿ, 1637ರಲ್ಲಿ ಬಂದದ್ದು ನಮ್ಮ ಭಟ್ಕಳಕ್ಕೆ! ಹಡಗಿನಲ್ಲಿದ್ದ ಪೀಟರ್ ಮಂಡಿ ಎಂಬ ಪ್ರವಾಸಿ ಘಟ್ಟ ಹತ್ತಿ ಇಕ್ಕೇರಿಗೂ ಬಂದ. ಕೆಳದಿಯ ವೀರಭದ್ರ ನಾಯಕನ ಆಸ್ಥಾನವನ್ನು ಕಂಡು ಬರೆದಿಟ್ಟ. ಬಂದ ಉದ್ದೇಶ ಮೆಣಸು. ಭಟ್ಕಳದಲ್ಲಿಯೂ ಅನಂತರ ಕಾರವಾರದಲ್ಲಿಯೂ ಕೋರ್ಟೆನ್ ಕೂಟದವರು ವ್ಯಾಪಾರದ ಕೋಠಿಗಳನ್ನು ತೆರೆದರು. ಅಷ್ಟರಲ್ಲಿ ಸರ್ ವಿಲಿಯಂ 1636ರಲ್ಲಿಯೇ ತೀರಿಕೊಂಡಿದ್ದ. ಮಗನ ಕಾಲಕ್ಕೆ ಮನೆತನ ಸಾಲಕ್ಕೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಲ್ಯಾಕ್ಸ್‌ಟನ್ ಪಿಯರ್‌ಪಾಂಟ್ ಎಂಬ ಪ್ರಭುಮನೆತನದ ಕೈಸೇರಿತು. ಪಿಯರ್ಸನ ಪಟದಲ್ಲಿ ಉಳುತ್ತಿರುವ ಆ ರೈತನಿಗೆ ತನ್ನ ಗೇಣಿ ಪಡೆಯುವ ಧಣಿಯ ಆಸೆ ಕನ್ನಡನಾಡಿನ ಮೆಣಸಿನ ಬಳ್ಳಿಯವರೆಗೆ ಚಾಚಿದೆಯೆಂದು ತಿಳಿದಿರಲಾರದು.

ಇನ್ನು ಮುಂದಿನದು ಬೇಲಿಯ ಕತೆ. ತೆರೆದ ಬಯಲುಗಳನ್ನೂ ಊರಿನ ಹುಲ್ಲುಗಾವಲುಗಳನ್ನೂ ಒಡೆದು, ಒಬ್ಬೊಬ್ಬರಿಗೆ ಒಂದೊಂದು ತುಂಡನ್ನು ಕೊಟ್ಟು ಬೇಲಿ ಹಾಕುವುದು ಇಂಗ್ಲೆಂಡಿನಲ್ಲಿ ಬಹು ಹಿಂದೆಯೇ ಮೊದಲಾಗಿತ್ತು. 18ನೆಯ ಶತಮಾನದ ನಡುವಿನಿಂದ ಅದು ಪಾರ್ಲಿಮೆಂಟಿನ ಕಾನೂನುಗಳ ಮೂಲಕ ಬಿರುಸಾಯಿತು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಕಾನೂನುಗಳಾದವು. ಸುಮಾರು 68 ಲಕ್ಷ ಎಕರೆ, ಎಂದರೆ ಇಂಗ್ಲೆಂಡಿನ ನೆಲದಲ್ಲಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚೇ, ಅವುಗಳಿಂದ ಬೇಲಿಯೊಳಗೆ ಸೇರಿತು. ಊರಿನ ಹೆಚ್ಚಿನ ನೆಲವುಳ್ಳವರು ಕೇಳಿಕೊಂಡರೆ ಪಾರ್ಲಿಮೆಂಟು ಒಪ್ಪುತ್ತಿತ್ತು. ಕಮಿಷನರುಗಳು ಬಂದು ಅಳೆದು ಹಂಚುತ್ತಿದ್ದರು. ಇಲ್ಲಿ ತಲೆ ಎಣಿಸುತ್ತಿರಲಿಲ್ಲ, ಎಕರೆ ಎಣಿಸುತ್ತಿದ್ದರು.

ಬೇಲಿಯಿಂದ ಲಾಭವಾಗಲಿಲ್ಲವೆಂದು ಹೇಳುವಂತಿಲ್ಲ. ತನ್ನ ನೆಲದಲ್ಲಿ ತನಗೆ ಬೇಕಾದ್ದನ್ನು ಬೆಳೆಯುವ ಸ್ವಾತಂತ್ರ್ಯ ರೈತನಿಗೆ ಬಂತು. ನೀರು ಬಸಿಯುವ ಕಾಲುವೆ, ಹೊಸ ಮೇವಿನ ಬೆಳೆಗಳು, ಒಳ್ಳೆಯ ತಳಿಯ ದನಕುರಿ ಇವೆಲ್ಲಕ್ಕೆ ಅನುಕೂಲವಾಯಿತು. ಬೆಳೆಯುತ್ತಿದ್ದ ನಗರಗಳಿಗೆ ಅನ್ನ ಬೇಕಾಗಿತ್ತು. ಆದರೆ ಲಾಭ ಸಮನಾಗಿ ಬರಲಿಲ್ಲ. ದೊಡ್ಡ ಹಿಡುವಳಿಯವನಿಗೆ ಬೇಲಿಯ ಖರ್ಚು ಭಾರವಲ್ಲ. ಎರಡು ಮೂರು ಎಕರೆಯವನಿಗೆ ಅದೇ ಸಾಲದ ಮೂಲವಾಗಿ, ನೆಲವನ್ನೇ ಮಾರಬೇಕಾಗಿ ಬರುತ್ತಿತ್ತು. ನೆಲವೇ ಇಲ್ಲದೆ, ಊರ ಬಯಲಿನಲ್ಲಿ ಒಂದು ಹಸು ಮೇಯಿಸಿ ಕಾಡಿನಂಚಿನಲ್ಲಿ ಸೌದೆ ಆಯ್ದು ಬದುಕುತ್ತಿದ್ದವನಿಗೆ ಇದ್ದದ್ದು ವಾಡಿಕೆಯ ಹಕ್ಕು, ಕಾಗದದ ಹಕ್ಕಲ್ಲ. ಆದ್ದರಿಂದ ಅವನಿಗೆ ಬಹುಮಟ್ಟಿಗೆ ಏನೂ ದೊರೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ನಮ್ಮ ಗಾದೆ ಅವನ ಪಾಲಿಗೆ ಅಕ್ಷರಶಃ ನಿಜವಾಯಿತು. ಎಷ್ಟು ಜನ ಹೀಗೆ ನೆಲೆ ತಪ್ಪಿದರು, ನಷ್ಟ ಹೆಚ್ಚೋ ಲಾಭ ಹೆಚ್ಚೋ ಎಂಬ ಚರ್ಚೆ ಚರಿತ್ರಕಾರರಲ್ಲಿ ಮುಗಿದಿಲ್ಲ.

ಅಂಕಿಗಳಿಂದ ತೀರದ ಆ ಚರ್ಚೆಗೆ ಸಾಹಿತ್ಯದಲ್ಲಿ ಒಬ್ಬ ಸಾಕ್ಷಿಯಿದ್ದಾನೆ. ಜಾನ್ ಕ್ಲೇರ್ ಎಂಬ ಕವಿ ಹುಟ್ಟಿದ್ದು 1793ರಲ್ಲಿ, ನಾರ್ದ್ಯಾಂಪ್ಟನ್ ಪ್ರಾಂತದ ಹೆಲ್ಪ್‌ಸ್ಟನ್ ಎಂಬ ಹಳ್ಳಿಯಲ್ಲಿ, ಕೂಲಿಕಾರನ ಮಗನಾಗಿ. ಅವನಿನ್ನೂ ಹುಡುಗನಾಗಿದ್ದಾಗ, 1809ರಲ್ಲಿ, ಅವನ ಊರಿಗೆ ಬೇಲಿಯ ಕಾನೂನು ಬಂತು. ಓಡಾಡಿದ ಬಯಲು, ದನ ಕಾಯ್ದ ದಿಣ್ಣೆ, ಹೆಸರಿದ್ದ ಮರಗಳು, ಕಾಲುದಾರಿಗಳು ಕಣ್ಣೆದುರಿಗೇ ಮುಚ್ಚಿಹೋದವು. ಗೋಲ್ಡ್‌ಸ್ಮಿತ್ತನು 1770ರಲ್ಲಿ ಪಾಳುಬಿದ್ದ ಹಳ್ಳಿಯನ್ನು ಕುರಿತು ಕಾವ್ಯ ಬರೆದದ್ದು ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಓದಿದವರಿಗೆ ತಿಳಿದಿದೆ. ಅದು ಹೊರಗೆ ನಿಂತು ಮರುಗಿದವನ ಕಾವ್ಯ. ಕ್ಲೇರ್ ಆ ನೆಲದಲ್ಲೇ ಕೂಲಿಮಾಡಿದವನು. ಅವನ ಮೊದಲ ಸಂಕಲನ 1820ರಲ್ಲಿ ಬಂದಾಗ ಲಂಡನ್ನು ಅವನನ್ನು ‘ರೈತಕವಿ’ ಎಂದು ಮೆರೆಸಿತು, ಕೆಲವೇ ವರ್ಷಗಳಲ್ಲಿ ಮರೆಯಿತು. ಬದುಕಿನ ಕೊನೆಯ ಇಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ನಾರ್ದ್ಯಾಂಪ್ಟನ್ನಿನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಕಳೆದು 1864ರಲ್ಲಿ ತೀರಿಕೊಂಡ. ಅವನ ವ್ಯಥೆಗೆಲ್ಲ ಬೇಲಿಯೊಂದೇ ಕಾರಣವೆನ್ನಲಾಗದು. ಆದರೆ ತನ್ನೂರಿನ ಬಯಲು ಹೋದದ್ದನ್ನು ಅವನು ತನ್ನ ಮೈಯ ಒಂದು ಭಾಗ ಹೋದಂತೆ ಅನುಭವಿಸಿದನೆಂಬುದಕ್ಕೆ ಅವನ ಕವಿತೆಗಳೇ ಪ್ರಮಾಣ.

ಹಾಗಾದರೆ ಲ್ಯಾಕ್ಸ್‌ಟನ್ ಉಳಿದದ್ದು ಹೇಗೆ? ಅಲ್ಲಿನ ಜನ ಇತರರಿಗಿಂತ ವಿವೇಕಿಗಳೆಂದೋ ಧಣಿ ದಯಾಳುವೆಂದೋ ಹೇಳಬೇಕೆಂದು ಆಸೆಯಾಗುತ್ತದೆ. ಸತ್ಯ ಅಷ್ಟು ರಮ್ಯವಾಗಿಲ್ಲ. ಊರಿನ ನೆಲದ ಒಡೆತನ ಮುಖ್ಯವಾಗಿ ಎರಡು ಪ್ರಭುಮನೆತನಗಳ ನಡುವೆ ಹಂಚಿಹೋಗಿತ್ತು. ನೆಲದ ವಿನಿಮಯದ ಮಾತು ಅವರಲ್ಲಿ ಬಹುಕಾಲ ಬಗೆಹರಿಯಲಿಲ್ಲ. ಬೇಲಿಯ ಖರ್ಚಂತೂ ದೊಡ್ಡದು. ಮುಂದೂಡುತ್ತ ಮುಂದೂಡುತ್ತ ಕಾಲ ಸರಿಯಿತು. ಧಣಿಗಳ ಆಲಸ್ಯ ಮತ್ತು ಮನಸ್ತಾಪ ಒಂದು ಊರಿನ ಪರಂಪರೆಯನ್ನು ಕಾಪಾಡಿದವು! 20ನೆಯ ಶತಮಾನದ ಮೊದಲ ದಶಕದಲ್ಲಿ ಪಿಯರ್‌ಪಾಂಟರ ವಾರಸುದಾರನಾದ ಮ್ಯಾನ್‌ವರ್ಸ್ ಪ್ರಭು ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡವನ್ನಾಗಿ ಮಾಡಿದ. ಬಯಲುಗಳ ಅಂಚುಗಳು ಕೆಲವು ಕಡೆ ಬೇಲಿಯೊಳಗೆ ಹೋದವು. ಆದರೆ ಮೂರು ಬಯಲು, ಸರದಿ, ಪಂಚರು ಈ ಮೂಲಕಟ್ಟು ಅಳಿಯಲಿಲ್ಲ. ಡೆವನ್ನಿನ ಬ್ರಾಂಟನ್, ಲಿಂಕನ್ ಪ್ರಾಂತದ ಆಕ್ಸ್‌ಹೋಮ್ ಮುಂತಾದ ಕಡೆಗಳಲ್ಲಿ ಹಳೆಯ ಪಟ್ಟಿಗಳ ಅವಶೇಷಗಳು ಈಗಲೂ ಇವೆ. ಪಟ್ಟಿಗಳ ಜೊತೆಗೆ ಅವನ್ನು ಆಳುವ ಸಭೆಯೂ ಉಳಿದಿರುವುದು ಲ್ಯಾಕ್ಸ್‌ಟನ್ ಒಂದರಲ್ಲೇ.

ಈ ಊರನ್ನು ಕುರಿತು ಮಾತನಾಡುವಾಗ ಅದೊಂದು ಸತ್ಯಯುಗವೆಂಬಂತೆ ವರ್ಣಿಸುವುದು ಸುಲಭ. ಅದು ಸಲ್ಲದು. ನೆಲದ ಒಡೆಯ ಒಬ್ಬ, ಉಳುವವರು ಗೇಣಿದಾರರು. ಒಬ್ಬನಿಗೆ ಪಟ್ಟಿಗಳು ಹೆಚ್ಚು, ಇನ್ನೊಬ್ಬನಿಗೆ ಕಡಿಮೆ. ಕೂಲಿಯವನಿಗೆ ಒಂದೂ ಇಲ್ಲ. ಹೊಸದನ್ನು ಮಾಡಿನೋಡಬೇಕೆಂಬ ಚುರುಕು ರೈತನಿಗೆ ಊರಿನ ಕಟ್ಟು ಕಾಲಿನ ತೊಡಕೂ ಆದೀತು. ಸಮಾನತೆಯನ್ನು ಅಲ್ಲಿ ಹುಡುಕಿದರೆ ನಿರಾಶೆಯೇ. ಅಲ್ಲಿ ದೊರೆಯುವುದು ಬೇರೊಂದು ವಸ್ತು. ಹಂಚಿಕೊಂಡದ್ದನ್ನು ಕೆಡದಂತೆ ನೋಡಿಕೊಳ್ಳುವ ರೂಢಿ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ ಬರೆದ ಒಂದು ಲೇಖನ ಬಹಳ ಪ್ರಸಿದ್ಧವಾಯಿತು. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ತನ್ನ ಲಾಭಕ್ಕೆಂದು ಒಂದೊಂದು ದನ ಹೆಚ್ಚಿಗೆ ಬಿಡುತ್ತಾನೆ. ಕೊನೆಗೆ ಹುಲ್ಲುಗಾವಲೇ ನಾಶವಾಗುತ್ತದೆ. ಇದು ಅವನ ವಾದದ ಸಾರ. ಎಲ್ಲರದೂ ಎಂದರೆ ಯಾರದೂ ಅಲ್ಲ ಎಂಬ ಭಾವನೆ ಇದರಿಂದ ಶಾಸ್ತ್ರದ ಮಾತೆಂಬಂತೆ ಹಬ್ಬಿತು. ಆದರೆ ಹಾರ್ಡಿನ್ನನ ಹುಲ್ಲುಗಾವಲು ಕಲ್ಪನೆಯದು. ಅಲ್ಲಿ ಪಂಚರಿಲ್ಲ, ಗೂಟವಿಲ್ಲ, ದೊಡ್ಡಿಯಿಲ್ಲ, ನೆರೆಯವನ ಮುಖ ನೋಡಬೇಕಾದ ದಾಕ್ಷಿಣ್ಯವಿಲ್ಲ. ಎಲಿನೋರ್ ಆಸ್ಟ್ರಮ್ ಎಂಬ ವಿದುಷಿ ನಾನಾ ದೇಶಗಳ ಹುಲ್ಲುಗಾವಲು, ಕಾಡು, ನೀರಾವರಿ ಕಾಲುವೆಗಳನ್ನು ಅಭ್ಯಾಸಮಾಡಿ, ಜನ ತಾವೇ ಕಟ್ಟಳೆ ಮಾಡಿಕೊಂಡು, ತಾವೇ ಕಾವಲಿದ್ದು, ಹಗುರವಾದ ದಂಡಗಳಿಂದ ಶುರುಮಾಡಿ, ಸಾಮಾನ್ಯ ಸ್ವತ್ತನ್ನು ಶತಮಾನಗಟ್ಟಲೆ ಉಳಿಸಿಕೊಂಡಿರುವುದುಂಟೆಂದು 1990ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂತು. ಲ್ಯಾಕ್ಸ್‌ಟನ್ನಿನ ಪಂಚರು ಅವರ ಗ್ರಂಥವನ್ನು ಓದದೆಯೇ ಅದನ್ನು ಆಚರಿಸುತ್ತ ಬಂದವರು. ಬೇಲಿಯಿಲ್ಲದ ಕಡೆ ಕಟ್ಟಳೆಯೂ ಇರದೆಂದು ತಿಳಿಯುವವರಿಗೆ ಆ ಊರು ಉತ್ತರವಾಗಿದೆ. ಗೋಮಾಳ, ಗುಂಡುತೋಪು, ಕೆರೆಯಂಗಳ ಎಂಬ ಮಾತುಗಳಿನ್ನೂ ಬಳಕೆಯಲ್ಲಿರುವ ನಮಗೆ ಈ ಉತ್ತರ ತೀರ ದೂರದ್ದೇನೂ ಅಲ್ಲ.

ಊರಿನ ಇತ್ತೀಚಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಆರ್ವಿನ್ನರ ಪುಸ್ತಕದಿಂದ ಲ್ಯಾಕ್ಸ್‌ಟನ್ನಿನ ಮಹತ್ವ ವಿದ್ವಾಂಸರಿಗೆ ಮನದಟ್ಟಾಯಿತು. 1952ರಲ್ಲಿ ಮ್ಯಾನ್‌ವರ್ಸ್ ಪ್ರಭು ಊರನ್ನು ಮಾರಿದಾಗ ಬ್ರಿಟನ್ನಿನ ಕೃಷಿ ಇಲಾಖೆಯೇ ಅದನ್ನು ಕೊಂಡುಕೊಂಡಿತು. ಹಳೆಯ ಬೇಸಾಯ ಉಳಿಯಬೇಕೆಂಬುದು ಆಗಿನ ಆಶಯ. 1981ರಲ್ಲಿ ಅದು ರಾಜಮುದ್ರೆಯ ಆಸ್ತಿಗಳನ್ನು ನೋಡಿಕೊಳ್ಳುವ ‘ಕ್ರೌನ್ ಎಸ್ಟೇಟ್’ ಸಂಸ್ಥೆಗೆ ಹೋಯಿತು. 2018ರಲ್ಲಿ ಆ ಸಂಸ್ಥೆ ಊರನ್ನು ಮಾರುವುದಾಗಿ ಪ್ರಕಟಿಸಿತು. ಕೊಳ್ಳುವವನು ಯಾರೋ, ಅವನ ಮನಸ್ಸು ಎಂಥದೋ? ಒಂಬೈನೂರು ವರ್ಷಗಳ ಹಿಂದಿನ ದಫ್ತರದಲ್ಲಿ ಹೆಸರಿರುವ ಊರು ಮತ್ತೊಮ್ಮೆ ಕ್ರಯದ ವಸ್ತುವಾಯಿತು. 2020ರಲ್ಲಿ ಅದನ್ನು ಪಡೆದದ್ದು ಥೋರ್ಸ್‌ಬಿ ಎಸ್ಟೇಟ್, ಎಂದರೆ ಮ್ಯಾನ್‌ವರ್ಸ್ ಮನೆತನದ ಉತ್ತರಾಧಿಕಾರಿಗಳೇ. ಹಳೆಯ ಕೈಗೆ ಹಳೆಯ ಊರು ಮರಳಿತು.

ಎತ್ತುಗಳ ಕಾಲ ಹೋಗಿ ಟ್ರಾಕ್ಟರಿನ ಕಾಲ ಬಂದಿದೆ. ಬೀಳುಬಿಡುತ್ತಿದ್ದ ವರ್ಷದಲ್ಲಿ ಈಗ ಮೇವಿನ ಬೆಳೆ ಬೆಳೆದುಕೊಳ್ಳುತ್ತಾರೆ. ಬಯಲುಗಳ ನಡುವಿನ ತಗ್ಗುಗಳಲ್ಲಿ, ಜೌಗಿನ ದೆಸೆಯಿಂದ ಎಂದೂ ನೇಗಿಲು ಕಾಣದ ಹುಲ್ಲಿನ ಪಟ್ಟೆಗಳಿವೆ. ಅವುಗಳನ್ನು ‘ಸೈಕ್’ ಎನ್ನುತ್ತಾರೆ. ವರ್ಷವರ್ಷವೂ ಅಲ್ಲಿನ ಹುಲ್ಲನ್ನು ಹರಾಜು ಮಾಡಿ ಕೊಡುತ್ತಾರೆ. ಉಳದೆ ಬಿಟ್ಟದ್ದರಿಂದಲೇ ಸುತ್ತಲ ನಾಡಿನಲ್ಲಿ ಕಾಣೆಯಾದ ಕಾಡುಹೂಗಳು ಅಲ್ಲಿ ಉಳಿದಿವೆ; ಸರ್ಕಾರ ಆ ತಾವುಗಳಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಒಬ್ಬನ ನೇಗಿಲು ಆ ಹುಲ್ಲಿನೊಳಕ್ಕೆ ಒಂದು ಸಾಲು ಮುಂದೆ ಹೋದರೂ ನವೆಂಬರಿನಲ್ಲಿ ಬರುವ ಪಂಚರ ಕಣ್ಣಿಗೆ ಅದು ಬೀಳುತ್ತದೆ. ಅವರು ಗೂಟ ಹೊಡೆಯುತ್ತಾರೆ, ದಂಡ ಹಾಕುತ್ತಾರೆ. ದಂಡ ತೆತ್ತವನು ಸಂಜೆ ಅವರೊಡನೆಯೇ ಕೂತು ಮಾತನಾಡುತ್ತಾನೆ. ನಾಳೆ ಮತ್ತೆ ಅವರ ಪಕ್ಕದ ಪಟ್ಟಿಯಲ್ಲೇ ಅವನು ಉಳಬೇಕು.